ಮೇಷ್ಟ್ರಿಗೆ ಅಣ್ಣನಾದ ಮೇಸ್ತ್ರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮನೆ ಕಟ್ಟಿಸಲು ಹೊರಟವರು ಪಾಯಕ್ಕೆ ಒಳ್ಳೆಯ ದಿನ ನೋಡಿಸುವ ಮೊದಲೇ ಒಬ್ಬ ಮೇಸ್ತ್ರಿಯನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಗಾರೆ ಮೇಸ್ತ್ರಿ, ಸೆಂಟ್ರಿಂಗ್ ಮೇಸ್ತ್ರಿ, ಕಂಬಿ ಕಟ್ಟುವ ಮೇಸ್ತ್ರಿ, ಮರಗೆಲಸದ ಮೇಸ್ತ್ರಿ ಎಂದು ಕೆಲಸಕ್ಕೆ ತಕ್ಕಂತೆ ಮುಂದಿನ ಮಾತು ಬದಲಾಗುತ್ತದೆ, ಮೇಸ್ತ್ರಿ ಬದಲಾಗುವುದಿಲ್ಲ. ಗೋಡೆಯ ಮೂಲೆಗೆ ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ದಾರ ನೋಡಿ, ಕರಣೆಯ ಹಿಡಿಯಿಂದ ಇಟ್ಟಿಗೆಯ ನೆತ್ತಿಗೆ ಎರಡು ಏಟು ಹಾಕಿ ಸಾಲು ಸರಿಮಾಡುವ ಆ ಮನುಷ್ಯನಿಗೆ ಈ ಸೀಮೆಯ ಕನ್ನಡದಲ್ಲಿ ಬೇರೆ ಹೆಸರೇ ಇಲ್ಲ. ಪಾವಗಡದ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು. ಅಲ್ಲಿಯೂ ಅವನು ಮೇಸ್ತ್ರಿಯೇ. ಗಡಿ ದಾಟಿ ಮಡಕಶಿರಾಕ್ಕೋ ಪೆನುಕೊಂಡಕ್ಕೋ ಹೋದರೂ ಮೇಸ್ತ್ರಿಯೇ. ಇಷ್ಟೊಂದು ನಮ್ಮದಾಗಿಹೋದ ಈ ಮಾತು ಹುಟ್ಟಿನಿಂದ ಪೋರ್ಚುಗೀಸ್ ಭಾಷೆಯದು. ಲಿಸ್ಬನ್ನಿನಲ್ಲೂ ಬ್ರೆಜಿಲ್ಲಿನಲ್ಲೂ ಜನ ಇವತ್ತಿಗೂ ದಿನನಿತ್ಯ ಆಡುವ ‘ಮೆಸ್ತ್ರೆ’ ಎಂಬ ಪದವೇ ನಮ್ಮ ಮೇಸ್ತ್ರಿ. ಸಮುದ್ರದ ಗಾಳಿಯೂ ಸೋಕದ, ಪೋರ್ಚುಗೀಸರು ಒಂದು ದಿನವೂ ಆಳದ ಈ ಬಯಲುಸೀಮೆಗೆ ಅದು ಏಕೆ ಬಂತು, ಬಂದದ್ದು ಏಕೆ ನಿಂತಿತು ಎಂದು ಕೇಳಿಕೊಂಡರೆ ಸಿಗುವ ಉತ್ತರದಲ್ಲಿ ದೊರೆಗಳ ಪಾಲು ಕಡಿಮೆ, ಕೂಲಿ ಮಾಡಿದವರ ಪಾಲು ಹೆಚ್ಚು. ಈ ಪದವನ್ನು ಹೊತ್ತು ತಂದವರು ಕೆಲಸಗಾರರು. ಅದರ ಮೂಲ ಅರ್ಥವನ್ನು ಕೆಡದಂತೆ ಕಾಪಾಡಿದವರೂ ಅವರೇ. ಆ ಅರ್ಥಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಉಳಿದ ನಾವು ಇನ್ನೂ ಸಲ್ಲಿಸಿಲ್ಲ ಎಂಬುದೇ ಈ ಬರಹದ ವಾದ.

ಮೊದಲು ಹುಟ್ಟಿನ ಮಾತು. ಪೋರ್ಚುಗೀಸಿನ ಮೆಸ್ತ್ರೆ ಎಂಬುದು ಲ್ಯಾಟಿನ್ನಿನ ‘ಮಗಿಸ್ತೆರ್’ ಎಂಬ ಪದ ಬಾಯಿಂದ ಬಾಯಿಗೆ ಸವೆದು ಉಳಿದ ರೂಪ. ‘ಮಗಿಸ್’ ಎಂದರೆ ಹೆಚ್ಚು. ಉಳಿದವರಿಗಿಂತ ಹೆಚ್ಚು ಬಲ್ಲವನು, ಆ ಕಾರಣಕ್ಕೇ ಮುಂದೆ ನಿಲ್ಲುವವನು ಮಗಿಸ್ತೆರ್. ಇದರ ಎದುರು ಪದ ‘ಮಿನುಸ್’, ಅಂದರೆ ಕಡಿಮೆ. ಕೆಳಗೆ ನಿಂತು ಊಳಿಗ ಮಾಡುವವನು ಮಿನಿಸ್ತೆರ್. ಇಂದಿನ ಮಿನಿಸ್ಟರ್ ಪದದ ಬೇರು ಅದು. ಮಗಿಸ್ತೆರ್ ಯೂರೋಪಿನ ತುಂಬ ಹರಡಿತು. ಇಟಲಿಯ ಮಾಯೆಸ್ತ್ರೊ, ಜರ್ಮನಿಯ ಮೈಸ್ಟರ್, ಇಂಗ್ಲೆಂಡಿನ ಮಾಸ್ಟರ್ ಮತ್ತು ಮಿಸ್ಟರ್ ಎಲ್ಲವೂ ಅದರ ಮಕ್ಕಳೇ. ಮಧ್ಯಯುಗದ ಯೂರೋಪಿನ ಕಸುಬುದಾರರ ಸಂಘಗಳಲ್ಲಿ ಕಲಿಯಲು ಸೇರಿದ ಹುಡುಗ, ಕೂಲಿಗೆ ದುಡಿಯುವ ನುರಿತ ಕೆಲಸಗಾರ, ಅವರ ಮೇಲೆ ಮೆಸ್ತ್ರೆ ಎಂಬ ಮೆಟ್ಟಿಲುಗಳಿದ್ದವು. ಮೆಸ್ತ್ರೆಯಾದವನು ಮಾತ್ರ ತನ್ನ ಹೊಣೆಯಲ್ಲಿ ಕೆಲಸ ಹಿಡಿಯಬಹುದಿತ್ತು, ಇತರರಿಗೆ ಕಲಿಸಬಹುದಿತ್ತು. 18ನೆಯ ಶತಮಾನದಲ್ಲಿ ಪೋರ್ಚುಗೀಸಿನ ದೊಡ್ಡ ನಿಘಂಟನ್ನು ಕಟ್ಟಿದ ರಫಾಯೆಲ್ ಬ್ಲುತೊ ಎಂಬ ವಿದ್ವಾಂಸ ಕಸುಬಿನವರ ವಿಷಯದಲ್ಲಿ ಮೆಸ್ತ್ರೆ ಎಂದರೆ ತನ್ನ ಕೆಲಸವನ್ನು ಚೆನ್ನಾಗಿ ಬಲ್ಲವನು ಎಂದೇ ಅರ್ಥ ಬರೆದ. ಇವತ್ತಿನ ಪೋರ್ಚುಗೀಸಿನಲ್ಲಿ ಕಟ್ಟಡದ ಮೇಲ್ವಿಚಾರಕ ‘ಮೆಸ್ತ್ರೆ ದೆ ಒಬ್ರಸ್’, ಎಂದರೆ ಕಾಮಗಾರಿಯ ಮೇಸ್ತ್ರಿ. ಮೀನುಗಾರಿಕೆ ದೋಣಿಯ ಮುಖ್ಯಸ್ಥನೂ ಮೆಸ್ತ್ರೆ. ಬ್ರೆಜಿಲ್ಲಿನಲ್ಲಿ ಗುಲಾಮರು ಕಟ್ಟಿ ಬೆಳೆಸಿದ ಕಾಪೊಯೆರಾ ಎಂಬ ಕಾಳಗ ಕಲೆಯ ಗುರುವನ್ನು ಶಿಷ್ಯರು ಕರೆಯುವುದೂ ಮೆಸ್ತ್ರೆ ಎಂದೇ. ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವೀಧರನಿಗೂ ಅದೇ ಪದ. ಬಲ್ಲವನು, ಬಲ್ಲದ್ದನ್ನು ಕಲಿಸುವವನು ಎಂಬ ತಿರುಳು ಎಲ್ಲ ಕಡೆಯೂ ಒಂದೇ.

ಇದು ಇಂಗ್ಲಿಷಿನ ಮಾಸ್ಟರ್ ಪದವೇ ಏಕಾಗಿರಬಾರದು? ಬ್ರಿಟಿಷರು ಆಳಿದ ನಾಡಿನಲ್ಲಿ ಈ ಸಂದೇಹ ಸಹಜ. ಇದಕ್ಕೆ ಸಾಕ್ಷಿ ಹೇಳಲು ನಮ್ಮಲ್ಲೇ ಇನ್ನೊಂದು ಪದ ಕಾದು ನಿಂತಿದೆ. ಇಂಗ್ಲಿಷಿನ ಮಾಸ್ಟರ್ ಕನ್ನಡಕ್ಕೆ ಬಂದು ಏನಾಯಿತೆಂದು ಎಲ್ಲರಿಗೂ ಗೊತ್ತು: ಮೇಷ್ಟ್ರು. ಈಗ ಮೇಸ್ತ್ರಿಯನ್ನೂ ಮೇಷ್ಟ್ರನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಮೇಷ್ಟ್ರಿನಲ್ಲಿ ನಾಲಗೆ ಮೇಲಕ್ಕೆ ಮಡಿಚಿ ಟಕಾರ ಹೇಳುತ್ತದೆ. ಮೇಸ್ತ್ರಿಯಲ್ಲಿ ಹಲ್ಲಿಗೆ ತಾಗಿ ತಕಾರ ಹೇಳುತ್ತದೆ. ಇಂಗ್ಲಿಷಿನ ಟಿ ನಮ್ಮ ಕಿವಿಗೆ ಟಕಾರವಾಗಿ ಕೇಳುವುದರಿಂದ ಕೋರ್ಟು, ಟಿಕೆಟ್ಟು, ಪೋಸ್ಟು, ಡಾಕ್ಟ್ರು ಎಂದೆವು. ಪೋರ್ಚುಗೀಸರ ಉಚ್ಚಾರಣೆ ಹಲ್ಲಿನದು, ನಮ್ಮ ತಕಾರ ದಕಾರಗಳಿಗೆ ಹತ್ತಿರ. ಕೊನೆಯ ಸ್ವರವನ್ನೂ ಗಮನಿಸಬೇಕು. ಇಂಗ್ಲಿಷಿನಿಂದ ಬಂದ ಪದಗಳು ವ್ಯಂಜನದಲ್ಲಿ ಮುಗಿಯುವುದರಿಂದ ಕನ್ನಡದ ಬಾಯಿ ಅವಕ್ಕೆ ಉಕಾರ ಹಚ್ಚಿಕೊಳ್ಳುತ್ತದೆ: ಬಸ್ಸು, ಕಾರು, ಮೇಷ್ಟ್ರು. ಎಕಾರದಲ್ಲಿ ಮುಗಿಯುವ ಪೋರ್ಚುಗೀಸ್ ಪದಗಳು ನಮ್ಮಲ್ಲಿ ಇಕಾರಕ್ಕೆ ತಿರುಗುತ್ತವೆ. ಪಾದ್ರೆ ಪಾದ್ರಿಯಾಯಿತು, ಶಾವೆ ಚಾವಿಯಾಯಿತು, ಬಾಲ್ದೆ ಬಾಲ್ದಿಯಾಯಿತು. ಅದೇ ದಾರಿಯಲ್ಲಿ ಮೆಸ್ತ್ರೆ ಮೇಸ್ತ್ರಿಯಾಯಿತು. ತಮಿಳಿನ, ತೆಲುಗಿನ, ಮಲಯಾಳದ ಮೇಸ್ತ್ರಿಗಳೂ, ಮರಾಠಿ, ಹಿಂದಿ, ಬಂಗಾಳಿಗಳ ಮಿಸ್ತ್ರಿಗಳೂ ಇದೇ ಇಕಾರದಲ್ಲಿ ನಿಲ್ಲುತ್ತಾರೆ. ಅಂದರೆ ಒಂದೇ ಲ್ಯಾಟಿನ್ ತಾಯಿಯ ಇಬ್ಬರು ಮಕ್ಕಳು ಎರಡು ಹಡಗಿನಲ್ಲಿ ಬಂದು ಕನ್ನಡ ಸೇರಿದ್ದಾರೆ. ಮೊದಲ ಹಡಗು ಪೋರ್ಚುಗೀಸರದು. ಹಾಗಾಗಿ ಕಟ್ಟಡದ ಮೇಸ್ತ್ರಿ ಅಣ್ಣ, ಶಾಲೆಯ ಮೇಷ್ಟ್ರು ತಮ್ಮ.

ಈ ತರ್ಕಕ್ಕೆ ಆಕ್ಷೇಪಗಳಿವೆ. ಅವನ್ನು ತಳ್ಳಿಹಾಕದೆ ನೋಡಬೇಕು. ಬಟಾಟೆಯೂ ಪೋರ್ಚುಗೀಸ್ ಪದವೇ, ಅದರಲ್ಲಿ ಟಕಾರ ಇದೆಯಲ್ಲ ಎನ್ನಬಹುದು. ಇದೆ. ಇಂಗ್ಲಿಷಿನಿಂದ ಬಂದ ಆಸ್ಪತ್ರೆಯಲ್ಲಿ ತಕಾರ ಇದೆಯಲ್ಲ ಎನ್ನಬಹುದು. ಅದೂ ನಿಜ. ಉತ್ತರ ಕರ್ನಾಟಕದ ಮಾಸ್ತರರಲ್ಲಿಯೂ ತಕಾರವೇ ಇದೆ. ಉಚ್ಚಾರಣೆಯ ನಿಯಮಗಳು ಕಬ್ಬಿಣದ ಸರಳುಗಳಲ್ಲ. ಒಂದೊಂದು ಪದ ಯಾವ ಭಾಷೆಯ ಮೂಲಕ ಹಾದು ಬಂತೆಂಬುದರ ಮೇಲೆ ಅದರ ರೂಪ ನಿಲ್ಲುತ್ತದೆ. ಆದ್ದರಿಂದ ಒಂದೇ ಅಕ್ಷರದ ಮೇಲೆ ತೀರ್ಪು ಕೊಡಬಾರದು, ಪದದ ಇಡೀ ಆಕಾರವನ್ನು ನೋಡಬೇಕು. ಮಾಸ್ತರನಲ್ಲಿ ತಕಾರ ಇದ್ದರೂ ಮೊದಲ ಆಕಾರವೂ ಕೊನೆಯ ರಕಾರವೂ ಇಂಗ್ಲಿಷಿನವು. ಮೇಷ್ಟ್ರಿನಲ್ಲಿ ಏಕಾರ ಇರುವುದಕ್ಕೆ ಕಾರಣ ಕನ್ನಡದ ಬಾಯಿಯಲ್ಲೇ ಸಿಗುತ್ತದೆ: ಮೇಲೆ ಎಂಬುದನ್ನು ಮ್ಯಾಲೆ ಎನ್ನುವ ಹಳ್ಳಿಯ ನಾಲಗೆಗೆ ಮ್ಯಾ ಮತ್ತು ಮೇ ನಡುವೆ ದೂರವೇ ಇಲ್ಲ. ಏಕಾರ, ತಕಾರ, ಇಕಾರ ಮೂರೂ ಒಟ್ಟಿಗೆ ಕೂಡಿರುವುದು ಮೇಸ್ತ್ರಿಯಲ್ಲಿ ಮಾತ್ರ, ಮೂರೂ ತೋರುವುದು ಪೋರ್ಚುಗೀಸಿನ ಕಡೆಗೆ. ಕನ್ನಡದ ಹಳೆಯ ಪದ ಮೇಟಿಗೂ ಮುಖ್ಯಸ್ಥ ಎಂಬ ಅರ್ಥವಿದೆ, ಮೇಸ್ತ್ರಿ ಅದರಿಂದಲೇ ಬಂದಿರಬೇಕು ಎಂಬ ವಾದವೂ ಉಂಟು. ಆದರೆ ಅಚ್ಚಗನ್ನಡದ ಪದಗಳಲ್ಲಿ ಸ್ತ್ರ ಎಂಬ ಒತ್ತಕ್ಷರ ಬರುವುದೇ ಇಲ್ಲ. ಸಂಸ್ಕೃತದಲ್ಲಿ ಬರುತ್ತದೆ, ಶಾಸ್ತ್ರಿ, ವಸ್ತ್ರಗಳ ಸಾಲಿನಲ್ಲಿ ಕೂತದ್ದರಿಂದಲೇ ಮೇಸ್ತ್ರಿಯ ಊರು ಯಾವುದೆಂದು ಯಾರೂ ವಿಚಾರಿಸಲಿಲ್ಲ ಎಂದು ಕಾಣುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಪೋರ್ಚುಗೀಸಿನಂತೆ ಕೇಳಿದ್ದೆಲ್ಲ ಪೋರ್ಚುಗೀಸಲ್ಲ. ಮೇಜು ಪೋರ್ಚುಗೀಸಿನ ಮೆಜದಿಂದಲೂ ಬಂದಿರಬಹುದು, ಪಾರಸಿಯ ಮೇಜಿನಿಂದಲೂ ಬಂದಿರಬಹುದು. ಸಾಬೂನಿಗೆ ಅರಬ್ಬಿಯ ಹಕ್ಕೂ ಇದೆ. ಮೇಸ್ತ್ರಿಯ ವಿಷಯದಲ್ಲಿ ಇಂಥ ಎರಡನೆಯ ಹಕ್ಕುದಾರ ಇಲ್ಲ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪ್ರಕಟಿಸಿದ ಹಾಬ್ಸನ್ ಜಾಬ್ಸನ್ ಕೋಶವೂ, ಗೋವೆಯ ವಿದ್ವಾಂಸ ಸೆಬಾಸ್ತಿಯಾಂವ್ ರೊದೊಲ್ಫೊ ದಲ್ಗಾದೊ 1913ರಲ್ಲಿ ಏಷ್ಯಾದ ಭಾಷೆಗಳ ಪೋರ್ಚುಗೀಸ್ ಪದಗಳನ್ನು ಕೂಡಿಹಾಕಿದ ಗ್ರಂಥವೂ ಇದನ್ನು ಮೆಸ್ತ್ರೆಯ ಲೆಕ್ಕಕ್ಕೇ ಬರೆದಿವೆ.

ಕರಾವಳಿಯಿಂದ ಬಯಲುಸೀಮೆಗೆ ಬಂದ ದಾರಿ ಯಾವುದು? ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವೆ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. 1568ರಲ್ಲಿ ಮಂಗಳೂರಿನಲ್ಲಿ, ಮರುವರ್ಷ ಹೊನ್ನಾವರ ಮತ್ತು ಬಸರೂರುಗಳಲ್ಲಿ ಅವರು ನೆಲೆಯೂರಿ ಕೋಟೆ ಮಾಡಿಕೊಂಡರು. ಕೋಟೆ, ಇಗರ್ಜಿ, ಉಗ್ರಾಣ, ಹಡಗುಕಟ್ಟೆಗಳನ್ನು ಕಟ್ಟಲು ಲಿಸ್ಬನ್ನಿನಿಂದ ಬರುತ್ತಿದ್ದವರು ಬೆರಳೆಣಿಕೆಯ ಮೆಸ್ತ್ರೆಗಳು. ಕಲ್ಲು ಒಡೆದು ಸುಣ್ಣ ಅರೆದವರು ಇಲ್ಲಿನವರೇ. ಘಟ್ಟದ ಮೇಲಿನವರಿಗೂ ಈ ಕೈಗಳ ಪರಿಚಯವಾಗಿತ್ತು. ಕುದುರೆ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ಬರೆದ ವಿಜಯನಗರದ ವೃತ್ತಾಂತದಲ್ಲಿ, ಕೃಷ್ಣದೇವರಾಯ ಈಗಿನ ಹೊಸಪೇಟೆಯ ಬಳಿ ಕೆರೆ ಕಟ್ಟಿಸುವಾಗ ಕಲ್ಲುಗೆಲಸ ಬಲ್ಲ ಜೊವಾಂವ್ ದೆ ಲಾ ಪೊಂತೆ ಎಂಬ ಪೋರ್ಚುಗೀಸನನ್ನು ಗೋವೆಯ ಗವರ್ನರ್ ಕಳುಹಿಸಿಕೊಟ್ಟ ಸಂಗತಿ ಇದೆ. ಪದ ಆಗಲೇ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇಳಿಯಿತು ಎಂದು ಇದರಿಂದ ಸಾಧಿಸಲಾಗದು. ಆದರೆ ಕೆರೆ ಕೆಲಸ ಬಲ್ಲವನಿಗೆ ದೇಶದ ಗಡಿ ಅಡ್ಡಬರಲಿಲ್ಲ ಎಂಬುದಂತೂ ಸಾಬೀತಾಗುತ್ತದೆ. ನಂತರದ ದಾರಿ ಇನ್ನೂ ಅಗಲವಾದದ್ದು. ಬಂದರುಗಳ ವ್ಯವಹಾರದ ಭಾಷೆಯಾಗಿ ಒಡಕು ಪೋರ್ಚುಗೀಸ್ ಬಹಳ ಕಾಲ ನಡೆಯಿತು. ಎಷ್ಟರಮಟ್ಟಿಗೆ ಎಂದರೆ ಈಸ್ಟ್ ಇಂಡಿಯಾ ಕಂಪನಿಯ 1698ರ ಸನ್ನದು ತನ್ನ ಪಾದ್ರಿಗಳು ಪೋರ್ಚುಗೀಸ್ ಕಲಿಯಲೇಬೇಕೆಂದು ಕಟ್ಟಳೆ ಮಾಡಿತ್ತು. ಕಂಪನಿಯವರ ಬಾಯಿಗೂ ಮೆಸ್ತ್ರೆ ಹತ್ತಿಕೊಂಡಿತು. ಮದ್ರಾಸಿನ ಇಂಗ್ಲಿಷ್ ಕಡತಗಳಲ್ಲಿ ಅದು ‘ಮೈಸ್ತ್ರಿ’ ಎಂಬ ಕಾಗುಣಿತದಲ್ಲಿ ಹೇರಳವಾಗಿ ಓಡಾಡುತ್ತದೆ. 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ ರಸ್ತೆ, ಸೇತುವೆ, ಕೆರೆ ಏರಿಗಳ ಸರ್ಕಾರಿ ಕಾಮಗಾರಿಗಳು ಶುರುವಾದವು. 1884ರಲ್ಲಿ ಬೆಂಗಳೂರು–ತುಮಕೂರು ರೈಲು ಹಾದಿ ತೆರೆಯಿತು. ತಮಿಳು, ತೆಲುಗು, ಕನ್ನಡದ ಆಳುಗಳು ಒಂದೇ ಗುಂಡಿಯಲ್ಲಿ ಮಣ್ಣು ಅಗೆದ ಇಂಥ ಕೆಲಸಗಳಲ್ಲಿ ಮೂವರಿಗೂ ಆಗಲೇ ಗೊತ್ತಿದ್ದ ಒಂದು ಪದ ನೆಲೆಯೂರಿತು ಎನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆಡಳಿತ ಇಂಗ್ಲಿಷರದಾದರೂ ಅವರ ಮಾಸ್ಟರ್ ಈ ಕೆಲಸದ ಜಾಗದೊಳಗೆ ಕಾಲಿಡಲಾಗಲಿಲ್ಲ, ಏಕೆಂದರೆ ಜಾಗ ಖಾಲಿ ಇರಲಿಲ್ಲ. ಮಾಸ್ಟರ್‌ಗೆ ಸಿಕ್ಕಿದ್ದು ಆಗತಾನೆ ಏಳುತ್ತಿದ್ದ ಶಾಲೆಯ ಕೊಠಡಿ.

ಕರಾವಳಿಯ ಪೋರ್ಚುಗೀಸ್ ಪದಗಳೆಲ್ಲ ಘಟ್ಟ ಹತ್ತಿ ಇಲ್ಲಿಯವರೆಗೆ ಬಂದಿಲ್ಲ ಎಂಬುದು ಇದಕ್ಕೆ ಒತ್ತಾಸೆ. ಮಂಗಳೂರಿನವರ ಬಾಲ್ದಿ ಮಧುಗಿರಿಯಲ್ಲಿ ಬಕೆಟ್ಟು. ಧಾರವಾಡದವರ ಚಾವಿ ಇಲ್ಲಿ ಬೀಗದ ಕೈ. ತಮಿಳರ ತುವಾಲೈ ಪೋರ್ಚುಗೀಸಿನದು, ಇಲ್ಲಿನ ಟವಲ್ಲು ಇಂಗ್ಲಿಷಿನದು. ಪಗಾರ ಎಂದರೆ ಶಿರಾದ ಸಂತೆಯಲ್ಲಿ ಅರ್ಥವಾದೀತು, ಆದರೆ ಆಡುವವರು ಸಂಬಳ ಎಂದೇ ಆಡುತ್ತಾರೆ. ಮನೆಯ ಸಾಮಾನಿನ ಹೆಸರುಗಳು ಮನೆಯಲ್ಲೇ ಉಳಿದವು. ಕೆಲಸ ಹುಡುಕಿಕೊಂಡು ಊರೂರು ತಿರುಗುವವನ ಹೆಸರು ಅವನ ಜೊತೆ ತಿರುಗಿತು. ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ಈ ತಾಲ್ಲೂಕುಗಳ ಹೊಲ ಎಂದೊಡನೆ ಕಣ್ಣಿಗೆ ಬರುವ ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಮುದ್ದೆಗೆ ನೆಂಚಿಕೊಳ್ಳುವ ಸಾರಿಗೆ ಖಾರ ಕೊಡುವ ಮೆಣಸಿನಕಾಯಿಯೂ ಅಮೆರಿಕದ್ದೇ, ಅದನ್ನು ತಂದದ್ದು ಪೋರ್ಚುಗೀಸ್ ಹಡಗು. ವಸ್ತು ಹೊರಗಿನದಾದರೂ ಕನ್ನಡ ಎರಡಕ್ಕೂ ತನ್ನದೇ ಹೆಸರು ಕಟ್ಟಿತು: ಕಡಲೆಯಂತಿದ್ದದ್ದು ಕಡಲೆಕಾಯಿ, ಮೆಣಸಿನಂತೆ ಉರಿದದ್ದು ಮೆಣಸಿನಕಾಯಿ. ಆದರೆ ಕಟ್ಟಡದ ಕೆಲಸದಲ್ಲಿ ಆದದ್ದು ತದ್ವಿರುದ್ಧ. ಕಸುಬು ಇಲ್ಲಿನದು, ಹಳೆಯದು. ಹೆಸರು ಮಾತ್ರ ಹೊರಗಿನದು. ಒಂದೇ ಬಂಡೆಯ ಬೆಟ್ಟಕ್ಕೆ ಮಧುಗಿರಿಯ ಕೋಟೆಯನ್ನು ಸುತ್ತಿದವರು ಪೋರ್ಚುಗೀಸರಿಂದ ಕಲಿತವರಲ್ಲ. ಶಿರಾದಲ್ಲಿ 1696ರ ಜುಮ್ಮಾ ಮಸೀದಿಯನ್ನೂ ಮಲಿಕ್ ರಿಹಾನನ ಸಮಾಧಿಯನ್ನೂ ಕಟ್ಟಿದ ಕೈಗಳಿಗೆ ದಖನಿನ ಪಾಠ ಇತ್ತು. ಶಿರಾದಲ್ಲಿದ್ದ ದಿಲಾವರ್ ಖಾನನ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಬಿ. ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಇಷ್ಟು ಕೈಪಳಗಿದ ಸೀಮೆಗೆ ಎರವಲು ಹೆಸರು ಏಕೆ ಬೇಕಾಯಿತು?

ಹಳೆಯ ಹೆಸರುಗಳಿಗೆ ಕೊರತೆ ಇರಲಿಲ್ಲ. ಶಾಸನಗಳಲ್ಲಿ ರೂವಾರಿ ಇದ್ದಾನೆ. ಹೊಯ್ಸಳರ ಕಾಲದ ಶಿಲ್ಪಿಗಳ ಹೆಸರಿನ ಕೊನೆಯಲ್ಲಿ, ದಾಸೋಜ ಎಂಬಲ್ಲಿರುವಂತೆ, ‘ಓಜ’ ಇದೆ. ತುಮಕೂರಿನ ಪಕ್ಕದ ಕೈದಾಳದವನೆಂದು ಐತಿಹ್ಯ ಹೇಳುವ ಜಕಣನ ಹೆಸರಿಗೆ ‘ಆಚಾರಿ’ ಅಂಟಿದೆ. ಈ ಪದಗಳನ್ನು ಬಿಡಿಸಿ ನೋಡಿದರೆ ಒಂದು ಸಾಮ್ಯ ಎದ್ದು ಕಾಣುತ್ತದೆ. ಓಜ ಎಂಬುದು ಉಪಾಧ್ಯಾಯ ಪದದ ತದ್ಭವ. ಆಚಾರಿ ಎಂಬುದು ಆಚಾರ್ಯನ ಇನ್ನೊಂದು ರೂಪ. ಅಂದರೆ ಮೇಸ್ತ್ರಿ ಬರುವ ಎಷ್ಟೋ ಶತಮಾನ ಮೊದಲೇ ಕನ್ನಡ ಕುಶಲ ಕೆಲಸಗಾರನನ್ನು ಗುರುವಿನ ಹೆಸರಿನಿಂದಲೇ ಕರೆಯುತ್ತಿತ್ತು. ಅದೂ ಒಮ್ಮೆಯಲ್ಲ, ಎರಡು ಸಲ. ಮೇಸ್ತ್ರಿ ಮೂರನೆಯದು. ಕೈಯಲ್ಲಿ ವಿದ್ಯೆ ಇರುವವನು ಕಲಿಸುವವನೇ ಎಂಬ ತಿಳಿವಳಿಕೆ ರೋಮಿನಲ್ಲಿಯೂ ಇತ್ತು, ಇಲ್ಲಿಯೂ ಇತ್ತು. ಆದರೆ ಓಜನೂ ಆಚಾರಿಯೂ ಕಾಲ ಕಳೆದಂತೆ ಜಾತಿಯೊಳಗೆ ಮುಚ್ಚಿಹೋದರು. ಆಚಾರಿ ಎಂದರೆ ವಿಶ್ವಕರ್ಮ ಕುಲದವನು ಎಂದಾಯಿತು. ಕಲ್ಲು ಒಡೆಯುವುದು, ಮಣ್ಣು ಹೊರುವುದು ಬೋವಿಗಳ ಪಾಲಿಗೆ. ಗಾರೆ ಕೆಲಸದಲ್ಲಿ ಉಪ್ಪಾರರು ಹಲವರು. ಹೆಸರು ಹೇಳಿದರೆ ಕಸುಬೂ ಜಾತಿಯೂ ಒಟ್ಟಿಗೆ ತಿಳಿಯುತ್ತಿದ್ದ ಏರ್ಪಾಡಿನಲ್ಲಿ, ಬೇರೆ ಬೇರೆ ಜಾತಿಯ ಇಪ್ಪತ್ತು ಆಳನ್ನು ಸೇರಿಸಿಕೊಂಡು ಒಂದು ಸೇತುವೆಗೆ ಜವಾಬು ಹೇಳುವವನನ್ನು ಕರೆಯಲು ಪದವೇ ಇರಲಿಲ್ಲ. ಯಜಮಾನ, ಗೌಡ, ಒಡೆಯ ಎಂಬುವು ನೆಲದ ಅಥವಾ ಮನೆತನದ ಅಧಿಕಾರದ ಮಾತುಗಳು. ಇಟ್ಟಿಗೆಯ ಸಾಲು ನೇರವಾಗಿದೆಯೇ ಎಂದು ಹೇಳುವ ಅಧಿಕಾರ ಅವುಗಳಲ್ಲಿಲ್ಲ. ಮೇಸ್ತ್ರಿ ಬಂದು ಕೂತದ್ದು ಆ ತೆರವಿನಲ್ಲಿ. ಯಾವ ಜಾತಿಯನ್ನೂ ಸೂಚಿಸದ, ಕೆಲಸದ ಅರಿವೊಂದನ್ನೇ ಹೇಳುವ ಪದ ಅದು. ಹೊರಗಿನದಾದದ್ದೇ ಅದಕ್ಕೆ ಅನುಕೂಲವಾಯಿತು.

ಇದಕ್ಕೂ ಎದುರು ಮಾತಿದೆ. ಗುಜರಾತಿನ ಕಚ್ಛದಲ್ಲಿ ಮಿಸ್ತ್ರಿ ಎಂಬುದು ಒಂದು ಸಮುದಾಯದ ಹೆಸರೇ ಆಗಿಬಿಟ್ಟಿದೆ; ಪಾರಸಿಗಳಲ್ಲಿ ಅದು ಮನೆತನದ ಹೆಸರು. ಯಾವ ಪದ ಬಂದರೂ ನಮ್ಮ ಸಮಾಜ ಅದನ್ನು ಜಾತಿಯ ಅಚ್ಚಿಗೆ ಹಾಕದೆ ಬಿಡದು ಎನ್ನಲು ಇದು ಸಾಕ್ಷಿಯಲ್ಲವೇ? ಕಚ್ಛದ ಮಟ್ಟಿಗೆ ಹೌದು. ಆದರೆ ನಮ್ಮ ಸೀಮೆಯಲ್ಲಿ ಹಾಗಾಗಲಿಲ್ಲ. ಇಲ್ಲಿ ಬೋವಿಯೂ ಮೇಸ್ತ್ರಿ, ನಾಯಕನೂ ಮೇಸ್ತ್ರಿ, ಗೊಲ್ಲನೂ ಕುಂಚಿಟಿಗನೂ ಮೇಸ್ತ್ರಿ, ಶಿರಾದ ಸಾಬರೂ ಮೇಸ್ತ್ರಿ, ಹೊಲೆಯ ಮಾದಿಗರ ಕೇರಿಯಿಂದ ಬಂದವನೂ ಮೇಸ್ತ್ರಿ. ಅಪ್ಪ ಮೇಸ್ತ್ರಿಯಾಗಿದ್ದ ಎಂಬುದಕ್ಕೆ ಮಗನಿಗೆ ಆ ಹೆಸರು ಬರುವುದಿಲ್ಲ, ಕರಣೆ ಹಿಡಿದು ತೋರಿಸಿದರೆ ಬರುತ್ತದೆ. ಬಾಂಡ್ಲಿ ಹೊರುವ ಹುಡುಗ ಗಾರೆ ಕಲಸುವುದನ್ನು ಕಲಿಯುತ್ತಾನೆ. ಮರಳೆಷ್ಟು, ಸಿಮೆಂಟೆಷ್ಟು, ನೀರು ಯಾವಾಗ ಸಾಕು ಎಂಬುದು ಕೈಗೆ ಹತ್ತಿದ ಮೇಲೆ ಮರೆಯಾದ ಜಾಗದಲ್ಲಿ, ಹಿಂಬದಿಯ ಗೋಡೆಗೋ ಸಂಪಿನ ಒಳಮೈಗೋ, ಅವನ ಕೈಗೆ ಮೊದಲ ಸಲ ಕರಣೆ ಕೊಡುತ್ತಾರೆ. ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ನಿಲ್ಲುವವರೆಗೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾರೆ. ಮೂಲೆ ಕಟ್ಟಲು ಬಿಡುವುದು ಕೊನೆಗೆ, ಏಕೆಂದರೆ ಮೂಲೆ ತಪ್ಪಿದರೆ ಎರಡು ಗೋಡೆ ತಪ್ಪುತ್ತದೆ. ಪುಸ್ತಕವಿಲ್ಲ, ಸರ್ಟಿಫಿಕೇಟಿಲ್ಲ; ಆದರೂ ಕಲಿಯುವ ಹುಡುಗನಿಂದ ಮೆಸ್ತ್ರೆಯವರೆಗಿನ ಯೂರೋಪಿನ ಆ ಹಳೆಯ ಮೆಟ್ಟಿಲುಗಳು ಕೊರಟಗೆರೆಯ ಒಂದು ಸಾಧಾರಣ ಕಟ್ಟಡದ ಸಾರ್ವೆಯ ಮೇಲೆ ಇವತ್ತಿಗೂ ಕಾಣಸಿಗುತ್ತವೆ. ಉತ್ತರ ಭಾರತದಲ್ಲಿ ಮಿಸ್ತ್ರಿ ಎಂದರೆ ಯಾವ ಕೈಕೆಲಸದವನಾದರೂ ಆದೀತು ಎಂಬಷ್ಟು ಅರ್ಥ ಸಡಿಲವಾಗಿದೆ. ಹಾಬ್ಸನ್ ಜಾಬ್ಸನ್ ಆ ಮಾತನ್ನು ಆಗಲೇ ಗುರುತಿಸಿತ್ತು. ದಕ್ಷಿಣದ ದೊರೆಗಳ ಮನೆಗಳಲ್ಲಿ ಅಡುಗೆಯವನನ್ನೂ ದರ್ಜಿಯನ್ನೂ ಹಾಗೆ ಕರೆಯುತ್ತಿದ್ದರಂತೆ. ನಮ್ಮ ಕಡೆ ಪದ ತನ್ನ ಮೂಲಾರ್ಥವನ್ನು ಬಿಟ್ಟುಕೊಟ್ಟಿಲ್ಲ: ಕೆಲಸ ಬಲ್ಲವನು, ನಾಲ್ವರಿಂದ ಮಾಡಿಸುವವನು, ಕಲಿಸುವವನು.

ಗಟ್ಟಿಯಾದ ಆಕ್ಷೇಪ ಇನ್ನೊಂದು. ಮೇಸ್ತ್ರಿ ಎಂದರೆ ಎಷ್ಟೋ ಕೂಲಿಯವರಿಗೆ ನೆನಪಾಗುವುದು ಕಲಿಸಿದವನಲ್ಲ, ಮುಂಗಡ ಕೊಟ್ಟು ಕಟ್ಟಿಹಾಕಿದವನು. ಇದನ್ನು ಅಲ್ಲಗಳೆಯುವಂತಿಲ್ಲ. 19ನೆಯ ಶತಮಾನದಲ್ಲಿ ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳು ಏಳುವಾಗ ದೊರೆಗಳು ಮೇಸ್ತ್ರಿಯ ಕೈಗೆ ದುಡ್ಡು ಕೊಟ್ಟು ಬಯಲುಸೀಮೆಗೆ ಆಳು ತರಲು ಅಟ್ಟುತ್ತಿದ್ದರು. ಮಳೆ ಹೋದ ವರ್ಷದಲ್ಲಿ ಮುಂಗಡ ತೆಗೆದುಕೊಂಡವನು ಮರಳಿ ಊರಿಗೆ ಬಂದರೆ 1859ರ ಕಾಯಿದೆಯ ಪ್ರಕಾರ ಅವನನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ ಶಿಕ್ಷಿಸಬಹುದಿತ್ತು. ಆ ಕಾಯಿದೆ 1920ರ ದಶಕದವರೆಗೂ ಉಳಿಯಿತು. (ಮ್ಯಾಜಿಸ್ಟ್ರೇಟ್ ಪದವೂ ಮಗಿಸ್ತೆರಿನ ಕುಲದ್ದೇ, ಆಳನ್ನು ಕರೆತಂದವನ ಮತ್ತು ಜೈಲಿಗೆ ಕಳಿಸಿದವನ ಹೆಸರಿನ ಬೇರು ಒಂದೇ.) ಬರ್ಮಾದ ರಂಗೂನಿಗೆ ತೆಲುಗು ಕೂಲಿಗಳನ್ನು ಸಾಗಿಸಿದ ವ್ಯವಸ್ಥೆಗೂ ಮೇಸ್ತ್ರಿಯದೇ ಹೆಸರು. ಇವತ್ತು ಪಾವಗಡ, ಮಧುಗಿರಿ, ಶಿರಾಗಳ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡಗಳಿಗೆ ಹೋಗುವವರಲ್ಲಿ ಹಲವರು ಹೋಗುವುದು ಮೇಸ್ತ್ರಿಯ ಬೆನ್ನಿಗೇ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಎದ್ದಿತು. ಹೊಲವನ್ನು ಗುತ್ತಿಗೆಗೆ ಕೊಟ್ಟ ಮೇಲೆ ಹೊಲದ ಕೂಲಿ ಇಲ್ಲವಾದವರು ಕೆಲಸಕ್ಕಾಗಿ ಮುಖ ನೋಡಬೇಕಾದವರಲ್ಲಿ ಮೇಸ್ತ್ರಿಯೂ ಒಬ್ಬ. ಶನಿವಾರದ ಬಟವಾಡೆಯಲ್ಲಿ ಕೂಲಿ ಹಿಡಿದುಕೊಳ್ಳುವ ಮೇಸ್ತ್ರಿಯೂ ಇದ್ದಾನೆ, ಮಾಲೀಕ ದುಡ್ಡು ಕೊಡದಿದ್ದಾಗ ಸಾಲ ಮಾಡಿ ಆಳಿಗೆ ಕೊಡುವವನೂ ಇದ್ದಾನೆ. ಆದರೆ ಇದು ಪದದ ಎರಡನೆಯ ಅರ್ಥ, ಮೊದಲನೆಯದರ ಮೇಲೆ ನಿಂತ ಅರ್ಥ. ತೋಟದ ದೊರೆಗಳು ಊರಿನ ಸಾಹುಕಾರನನ್ನು ಬಿಟ್ಟು ಮೇಸ್ತ್ರಿಯನ್ನೇ ಹಿಡಿದದ್ದು ಏಕೆಂದರೆ ಆಳುಗಳು ನಂಬಿ ಹಿಂದೆ ಹೋಗುತ್ತಿದ್ದದ್ದು ಕೆಲಸ ಬಲ್ಲ ತಮ್ಮವನ ಹಿಂದೆ. ಬಲ್ಲವನ ಮೇಲಿನ ಆ ನಂಬಿಕೆಯನ್ನು ಬಂಡವಾಳ ತನ್ನ ಬಳಕೆಗೆ ಎಳೆದುಕೊಂಡಿತು. ಕೇಡು ಸೇರಿಕೊಂಡದ್ದು ಮುಂಗಡದ ಏರ್ಪಾಡಿನಿಂದ. ಹೆಸರು ಅದಕ್ಕೂ ಮುಂಚಿನದು.

ಈ ಹೆಸರನ್ನು ನಾವು ಹೇಗೆ ಆಡುತ್ತೇವೆ ಎಂಬಲ್ಲಿ ನನಗೆ ತಕರಾರಿದೆ. ‘ಮೇಷ್ಟ್ರು ಬಂದ್ರಾ?’ ಎಂದು ಕೇಳುವ ಬಾಯಿಯೇ ‘ಮೇಸ್ತ್ರಿ ಬಂದ್ನಾ?’ ಎಂದು ಕೇಳುತ್ತದೆ. ಮಾಸ್ಟರಿನ ಕೊನೆಯ ರಕಾರ ಉಕಾರ ಹಚ್ಚಿಕೊಂಡು ರು ಆದಾಗ, ಕನ್ನಡಿಗರಿಗೆ ಅದು ಗೌರವದ ಬಹುವಚನದಂತೆ ಕೇಳಿಸಿತು. ಕ್ರಿಯಾಪದವೂ ತಾನಾಗಿ ಬಹುವಚನಕ್ಕೆ ತಿರುಗಿತು. ಮೇಸ್ತ್ರಿಯ ಇಕಾರಕ್ಕೆ ಆ ಭಾಗ್ಯ ಸಿಗಲಿಲ್ಲ. ವಯಸ್ಸಾದ, ಹೆಸರುವಾಸಿ ಮೇಸ್ತ್ರಿಯನ್ನು ಮೇಸ್ತ್ರಿಗಳು, ಬಂದರು ಎನ್ನುವುದುಂಟು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಅವರಿಗೆ ಮರ್ಯಾದೆಯನ್ನು ಹೊರಗಿನಿಂದ ಹಚ್ಚಬೇಕು, ಮೇಷ್ಟ್ರಿಗೆ ಅದು ಪದದೊಳಗೇ ಬಂದಿದೆ. ಹಿಂದೆಯೂ ಹೀಗೇ ಆಗಿತ್ತು. ಆಚಾರ್ಯ ಎಂಬ ಒಂದೇ ಪದ ಎರಡಾಗಿ, ಓದಿಸುವವರು ಆಚಾರ್ಯರಾಗಿ ಮೇಲಕ್ಕೆ ಹೋದರು, ಉಳಿ ಹಿಡಿದವನು ಆಚಾರಿಯಾಗಿ ಕೆಳಗುಳಿದ. ಅದೇ ಕಥೆ ಲ್ಯಾಟಿನ್ ಪದದ ಇಬ್ಬರು ಮಕ್ಕಳಲ್ಲಿ ಮತ್ತೆ ನಡೆಯಿತು. ತಲೆಯಿಂದ ಕಲಿಸುವವನಿಗೆ ಬಹುವಚನ, ಕೈಯಿಂದ ಕಲಿಸುವವನಿಗೆ ಏಕವಚನ. ಒಂದೇ ಅರ್ಥದ ಪದಕ್ಕೆ ಎರಡು ತೂಕ ಹಾಕುವ ಈ ರೂಢಿ ನನಗೆ ಸರಿಯೆನಿಸುವುದಿಲ್ಲ.

ಪದದ ಇನ್ನೊಂದು ಕೊರತೆಯನ್ನೂ ಹೇಳಲೇಬೇಕು. ಜಾತಿಯನ್ನು ದಾಟಿದ ಮೇಸ್ತ್ರಿ ಹೆಣ್ಣು ಗಂಡಿನ ಗೆರೆಯನ್ನು ದಾಟಲಿಲ್ಲ. ಪೋರ್ಚುಗೀಸಿನಲ್ಲಿ ಮೆಸ್ತ್ರೆಗೆ ‘ಮೆಸ್ತ್ರ’ ಎಂಬ ಹೆಣ್ಣುರೂಪ ಇದೆ. ಕನ್ನಡಕ್ಕೆ ಬಂದದ್ದು ಗಂಡುರೂಪ ಒಂದೇ. ನಮ್ಮ ಕಟ್ಟಡಗಳಲ್ಲಿ ಮರಳು ಜರಡಿ ಹಿಡಿಯುವವಳು, ಇಟ್ಟಿಗೆ ಹೊರುವವಳು, ಮೋಲ್ಡ್ ಹಾಕುವ ದಿನ ಸಾಲಾಗಿ ನಿಂತು ಬಾಂಡ್ಲಿ ಸಾಗಿಸುವವಳು ಹೆಣ್ಣಾಳು. ಗಾರೆಯ ಹದ ಅವಳಿಗೆ ಎಷ್ಟೋ ಮೇಸ್ತ್ರಿಗಳಿಗಿಂತ ಚೆನ್ನಾಗಿ ಗೊತ್ತು. ಆದರೂ ಹೆಣ್ಣಾಳಾಗಿ ಕೆಲಸಕ್ಕೆ ಸೇರಿದವಳು ಮುದುಕಿಯಾಗುವವರೆಗೂ ಹೆಣ್ಣಾಳೇ, ಕೂಲಿಯೂ ಕಡಿಮೆಯೇ. ಹುಡುಗನಿಗೆ ಹಿಂಬದಿಯ ಗೋಡೆಯಲ್ಲಿ ಸಿಗುವ ಆ ಮೊದಲ ಕರಣೆ ಅವಳಿಗೆ ಸಿಗುವುದು ತೀರ ಅಪರೂಪ. ಹೆಂಗಸರಿಂದ ಆಗದ ಕೆಲಸ ಇದಲ್ಲ. ಕೇರಳದಲ್ಲಿ ಕುಟುಂಬಶ್ರೀ ಗುಂಪುಗಳ ಹೆಂಗಸರು ಗಾರೆ ಕೆಲಸದ ತರಬೇತಿ ಪಡೆದು ಪಾಯದಿಂದ ಸೂರಿನವರೆಗೆ ಮನೆ ಕಟ್ಟಿಕೊಟ್ಟಿದ್ದಾರೆ. ನಮ್ಮ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಾಮಗಾರಿಗಳ ವೆಚ್ಚದ ಶೇ 1ರಷ್ಟು ಸೆಸ್ಸು ಸೇರುತ್ತದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಹೆಣ್ಣಾಳೂ ಅದರಲ್ಲಿ ಹೆಸರು ಬರೆಸಬಹುದು. ಆ ಹಣದಲ್ಲಿ ಒಂದು ಪಾಲು ಮಧುಗಿರಿಯಲ್ಲಿ, ಪಾವಗಡದಲ್ಲಿ ಹೆಣ್ಣಾಳುಗಳ ಕೈಗೆ ಕರಣೆ, ತೂಗುಗುಂಡು, ರಸಮಟ್ಟ ಕೊಟ್ಟು ಮೂಲೆ ಕಟ್ಟುವುದನ್ನು ಕಲಿಸಲು ಹೋಗಬೇಕು. ಕಲಿಸಲು ಹಳೆಯ ಮೇಸ್ತ್ರಿಗಳನ್ನೇ ಸಂಬಳ ಕೊಟ್ಟು ಕರೆಯಬೇಕು. ಕಲಿತು ಹೊರಬಂದವಳಿಗೆ ಕನ್ನಡ ಹೊಸ ಪದ ಹುಡುಕಬೇಕಾಗಿಲ್ಲ. ‘ಮೇಸ್ತ್ರಿ ಬಂದ್ರು’ ಎಂದರೆ ಸಾಕು.